ಅನ್ನವಿತ್ತ ಒಡೆಯ, ಉಳಿದುಬಂದ ಆಳು: ಆಂಗ್ಲೋ-ಸ್ಯಾಕ್ಸನ್ ಅರಸರ ಸಂಗಾತಿಗಳನ್ನು ಓದುವ ಬಗೆ

1

ಆಂಗ್ಲೋ-ಸ್ಯಾಕ್ಸನ್ ಸಮಾಜವನ್ನು ಕುರಿತ ಪರಿಚಯಗ್ರಂಥಗಳಲ್ಲಿ ಒಂದು ಚಿತ್ರ ತಪ್ಪದೆ ಕಾಣಿಸಿಕೊಳ್ಳುತ್ತದೆ. ಅರಸನ ಸುತ್ತ ಕುಲೀನ ಯೋಧರ ಒಂದು ಪರಿವಾರವಿತ್ತು. ಅವನು ಅವರಿಗೆ ತನ್ನ ಸಭಾಮಂದಿರದಲ್ಲಿ ಅನ್ನವನ್ನೂ ಜೇನಿನ ಮದ್ಯವನ್ನೂ ಉಂಗುರ, ಕುದುರೆ, ಆಯುಧಗಳನ್ನೂ ಕೊಡುತ್ತಿದ್ದನು. ಅವರು ಅವನಿಗಾಗಿ ಕಾದಾಡುತ್ತಿದ್ದರು. ಅವನು ರಣದಲ್ಲಿ ಬಿದ್ದರೆ ತಾವೂ ಅಲ್ಲಿಯೇ ಬೀಳುತ್ತಿದ್ದರು. ಬದುಕಿ ಮರಳಿದವನಿಗೆ ಆಜೀವ ಅಪಕೀರ್ತಿ. ಈ ಚಿತ್ರಕ್ಕೆ ಮುಖ್ಯವಾಗಿ ಎರಡು ಆಧಾರಗಳು. ಒಂದು, ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರಲ್ಲಿ ಬರೆದ 'ಜರ್ಮಾನಿಯಾ' ಎಂಬ ಕೃತಿಯ 13 ಮತ್ತು 14ನೆಯ ಅಧ್ಯಾಯಗಳು. ಇನ್ನೊಂದು, 991ರ ಆಗಸ್ಟ್ ತಿಂಗಳಲ್ಲಿ ಎಸೆಕ್ಸ್ ಪ್ರಾಂತದ ಮಾಲ್ಡನ್ ಎಂಬಲ್ಲಿ ವೈಕಿಂಗರೊಡನೆ ನಡೆದ ಯುದ್ಧವನ್ನು ಕುರಿತ ಹಳೆಯ ಇಂಗ್ಲಿಷ್ ಕವಿತೆ. ಈ ಎರಡರ ನಡುವೆ ಸುಮಾರು ಒಂಬೈನೂರು ವರ್ಷಗಳ ಅಂತರವಿದೆ. ಆ ಅಂತರದ ಮೇಲೆ 'ಕೊಮಿಟಾಟಸ್' ಎಂಬ ಟ್ಯಾಸಿಟಸನ ಲ್ಯಾಟಿನ್ ಪದವನ್ನು ಸೇತುವೆಯಂತೆ ಹಾಸಿ, ಇತ್ತಣ ದಡವೂ ಅತ್ತಣ ದಡವೂ ಒಂದೇ ನೆಲವೆಂದು ಭಾವಿಸುವ ರೂಢಿ ಬೆಳೆದುಬಂದಿದೆ.

ಕನ್ನಡದ ಮಧ್ಯಕಾಲೀನ ಸಾಹಿತ್ಯವನ್ನೂ ಶಾಸನಗಳನ್ನೂ ಅಭ್ಯಾಸಮಾಡುವವರಿಗೆ, ಅದರಲ್ಲಿಯೂ ಹೊರನಾಡಿನ ವಿಶ್ವವಿದ್ಯಾನಿಲಯಗಳಲ್ಲಿ ಇಂಗ್ಲಿಷ್, ತಮಿಳು, ಇತಿಹಾಸ ವಿಭಾಗಗಳ ನೆರೆಯಲ್ಲಿದ್ದು ಕೆಲಸಮಾಡುವವರಿಗೆ, ಇದು ದೂರದ ವಿಷಯವಲ್ಲ. ಜೋಳವಾಳಿ, ವೇಳೆವಾಳಿ, ಲೆಂಕ, ಗರುಡ ಮೊದಲಾದ ಪದಗಳನ್ನು ಅನ್ಯಭಾಷಿಕ ಸಹೋದ್ಯೋಗಿಗಳಿಗೆ ವಿವರಿಸಬೇಕಾಗಿ ಬಂದಾಗಲೆಲ್ಲ 'ಕೊಮಿಟಾಟಸ್' ಎಂಬ ಸಿದ್ಧಪದ ನಾಲಗೆಯ ತುದಿಗೆ ಬರುತ್ತದೆ. ಎಚ್. ಎಂ. ಚಾಡ್ವಿಕ್ಕರ 'ದಿ ಹೀರೋಯಿಕ್ ಏಜ್' (1912) ತೆರೆದ ಹೋಲಿಕೆಯ ದಾರಿ ಕೈಲಾಸಪತಿಯವರ 'ತಮಿಳ್ ಹೀರೋಯಿಕ್ ಪೊಯಟ್ರಿ'ಯ (1968) ಮೂಲಕ ದಕ್ಷಿಣ ಭಾರತದ ಪ್ರಾಚೀನ ಕಾವ್ಯದವರೆಗೂ ಬಂದಿರುವುದು ವಿದ್ವಾಂಸರಿಗೆ ತಿಳಿದದ್ದೇ. ಹೋಲಿಕೆ ತಪ್ಪೆಂಬುದು ನನ್ನ ವಾದವಲ್ಲ. ಯಾವುದನ್ನು ಯಾವುದರೊಡನೆ ಹೋಲಿಸುತ್ತಿದ್ದೇವೆ ಎಂಬುದು ಮೊದಲು ಖಚಿತವಾಗಬೇಕು ಎಂಬುದಷ್ಟೇ ಇಲ್ಲಿನ ಆಗ್ರಹ. ಒಡೆಯನೊಡನೆ ಮಡಿಯುವುದು ಆಂಗ್ಲೋ-ಸ್ಯಾಕ್ಸನ್ ಸಂಗಾತಿಯ ಸಹಜಧರ್ಮವಾಗಿತ್ತು ಎಂಬ ಗ್ರಹಿಕೆಯನ್ನು ಆ ಕಾಲದ ಪಠ್ಯಗಳೇ ಬೆಂಬಲಿಸುವುದಿಲ್ಲ. ಅನ್ನ, ಭೂಮಿ, ಆಯುಧಗಳ ಕೊಡುಕೊಳೆಯ ಸಂಬಂಧವೊಂದು ಅಲ್ಲಿತ್ತು. ಆ ಸಂಬಂಧ ಮುರಿಯುವ ಸಂದರ್ಭದಲ್ಲಿ ಮಾತ್ರ ಕಾವ್ಯ ಮರಣದ ಮಾತನ್ನು ಎತ್ತುತ್ತದೆ. ಪ್ರಸ್ತುತ ಲೇಖನದಲ್ಲಿ ಇದನ್ನು ನಿರೂಪಿಸಲು ಯತ್ನಿಸಿದೆ.

2

ಮೊದಲು ಪದಗಳು. ಪ್ರಾಚೀನ ಆಂಗ್ಲೋ-ಸ್ಯಾಕ್ಸನ್ ಕಾಯಿದೆಗಳಲ್ಲಿ ಅರಸನ ಕುಲೀನ ಅನುಚರನಿಗೆ 'ಗೆಸಿತ್' ಎಂದು ಹೆಸರು. 'ಸಿತ್' ಎಂದರೆ ಪಯಣ. ಗೆಸಿತ್ ಎಂದರೆ ಸಹಪಯಣಿಗ, ಸಂಗಾತಿ. ಇನ್ನೊಂದು ಪದ 'ಥೇನ್'. ಇದರ ಮೂಲಾರ್ಥ ಸೇವಕ, ಊಳಿಗದವನು. ಎಂಟನೆಯ ಶತಮಾನದ ಆದಿಭಾಗದಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಬೀಡನ ಇತಿಹಾಸವನ್ನು ಮುಂದೆ ಹಳೆಯ ಇಂಗ್ಲಿಷಿಗೆ ಅನುವಾದಿಸಿದವರು, ಅವನು 'ಕೋಮೆಸ್' ಎಂದದ್ದನ್ನು ಸಾಮಾನ್ಯವಾಗಿ ಗೆಸಿತ್ ಎಂದೂ 'ಮಿನಿಸ್ಟರ್' ಎಂದದ್ದನ್ನು ಥೇನ್ ಎಂದೂ ತಂದಿದ್ದಾರೆ. ಸ್ಥೂಲವಾಗಿ ಹೇಳುವುದಾದರೆ, ಅರಸನ ಮನೆಯಲ್ಲಿಯೇ ಇದ್ದು ಸೇವೆಗೈಯುವ ತರುಣ ಥೇನ್. ಸೇವೆಯ ಫಲವಾಗಿ ಭೂಮಿ ಪಡೆದು ಮದುವೆಯಾಗಿ ತನ್ನದೇ ಮನೆಯೊಡ್ಡಿಕೊಂಡವನು ಗೆಸಿತ್. ಹತ್ತನೆಯ ಶತಮಾನದ ಹೊತ್ತಿಗೆ ಗೆಸಿತ್ ಪದ ಬಳಕೆಯಿಂದ ಹಿಂದೆ ಸರಿದು, ಊಳಿಗದ ಹೆಸರಾಗಿದ್ದ ಥೇನ್ ಎಂಬುದೇ ಕುಲೀನತೆಯ ಹೆಸರಾಯಿತು. ಎಚ್. ಆರ್. ಲಾಯ್ನ್ 1955ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಪಲ್ಲಟವನ್ನು ಏಳರಿಂದ ಹತ್ತನೆಯ ಶತಮಾನದವರೆಗೆ ಹಿಂಬಾಲಿಸಿದ್ದಾರೆ. ಸೇವೆಯೇ ಪದವಿಯಾಗಿ ಮಾರ್ಪಡುವ ಈ ಬಗೆ ಕನ್ನಡ ಶಾಸನಗಳ ಅಧಿಕಾರನಾಮಗಳನ್ನು ಬಲ್ಲವರಿಗೆ ಅಪರಿಚಿತವೆನಿಸದು.

ಇವರ ಎದುರಿಗಿರುವವನು 'ಹ್ಲಾಫೋರ್ಡ್'. ಇಂದಿನ 'ಲಾರ್ಡ್' ಎಂಬ ಪದದ ಪೂರ್ವರೂಪ. 'ಹ್ಲಾಫ್' ಎಂದರೆ ರೊಟ್ಟಿ. ರೊಟ್ಟಿಯನ್ನು ಕಾಯುವವನು, ಹಂಚುವವನು ಒಡೆಯ. ಏಳನೆಯ ಶತಮಾನದ ಆದಿಯ ಕೆಂಟ್ ಪ್ರಾಂತದ ಅರಸ ಎಥೆಲ್‌ಬರ್ಟನ ಕಾಯಿದೆಯಲ್ಲಿ ಇದರ ಜೋಡಿಪದವೂ ದೊರೆಯುತ್ತದೆ: ಸಾಮಾನ್ಯ ಒಕ್ಕಲಿಗನ ಆಶ್ರಿತನನ್ನು 'ರೊಟ್ಟಿ ತಿನ್ನುವವನು' ಎಂದು ಕರೆದು, ಅವನನ್ನು ಕೊಂದರೆ ಒಕ್ಕಲಿಗನಿಗೆ 6 ಷಿಲಿಂಗ್ ಕೊಡತಕ್ಕದ್ದೆಂದು ವಿಧಿಸಲಾಗಿದೆ. ಉಂಡ ಜೋಳದ ಋಣವನ್ನೇ ನಿಷ್ಠೆಯ ಹೆಸರಾಗಿಸಿದ ಭಾಷೆಯವರು ನಾವು. ಒಡೆತನವನ್ನು ಧಾನ್ಯದಿಂದ ಹೆಸರಿಸುವ ಈ ಎರಡು ಭಾಷೆಗಳ ಸಾಮ್ಯ ಆಕಸ್ಮಿಕವಾದರೂ ಬೋಧಪ್ರದವಾದದ್ದು. ಅದು ತೋರಿಸುವುದು ಸಮಾನ ವೀರಾದರ್ಶವನ್ನಲ್ಲ. ಸಂಬಂಧದ ತಳದಲ್ಲಿರುವ ಉಣಿಸು ಉಣ್ಣುವಿಕೆಗಳ ಲೆಕ್ಕವನ್ನು.

3

ಲೆಕ್ಕವೆಂಬುದು ಇಲ್ಲಿ ಅಲಂಕಾರದ ಮಾತಲ್ಲ. ವೆಸೆಕ್ಸಿನ ಅರಸ ಇನೆ ಏಳನೆಯ ಶತಮಾನದ ಕೊನೆಗೆ ಹೊರಡಿಸಿದ ಕಾಯಿದೆಯಲ್ಲಿ ದಂಡಿಗೆ ಬಾರದ ತಪ್ಪಿಗೆ ಮೂರು ದರಗಳಿವೆ. ಭೂಮಿಯುಳ್ಳ ಗೆಸಿತ್ ವರ್ಗದವನಾದರೆ 120 ಷಿಲಿಂಗ್ ತೆತ್ತು ಭೂಮಿಯನ್ನೂ ಕಳೆದುಕೊಳ್ಳಬೇಕು. ಭೂಮಿಯಿಲ್ಲದ ಗೆಸಿತ್ 60 ಷಿಲಿಂಗ್ ತೆರಬೇಕು. 'ಚೆಯೋರ್ಲ್' ಎನಿಸಿದ ಸಾಮಾನ್ಯ ಸ್ವತಂತ್ರ ರೈತ 30. ಕುಲೀನ ಸಂಗಾತಿಗಳಲ್ಲಿಯೂ ಭೂಮಿ ಪಡೆದವರು, ಪಡೆಯದವರು ಎಂಬ ಭೇದವಿತ್ತೆಂಬುದೂ, ರಣಕ್ಕೆ ಬಾರದವನಿಗೆ ಒದಗುವುದು ಕೇವಲ ಅಪಕೀರ್ತಿಯಲ್ಲ, ಭೂನಷ್ಟ ಎಂಬುದೂ ಇದರಿಂದ ಸ್ಪಷ್ಟ. ಅದೇ ಕಾಯಿದೆಯಂತೆ, ಗೆಸಿತ್ ತನ್ನ ಹಿಡುವಳಿಯನ್ನು ಬಿಟ್ಟುಹೋಗುವಾಗ ತನ್ನ ಮೇಲ್ವಿಚಾರಕ, ಕಮ್ಮಾರ ಮತ್ತು ಮಕ್ಕಳ ದಾದಿ ಈ ಮೂವರನ್ನು ಮಾತ್ರ ಕರೆದೊಯ್ಯಬಹುದು. 20 ಹೈಡ್ ಭೂಮಿಯಿದ್ದವನು ಹೋಗುವಾಗ 12 ಹೈಡುಗಳಲ್ಲಿ ಒಕ್ಕಲಿರುವುದನ್ನು ತೋರಿಸಿಕೊಡಬೇಕು. ಒಂದು ಹೈಡೆಂದರೆ ಒಂದು ಕುಟುಂಬದ ಪೋಷಣೆಗೆ ಸಾಕಾಗುವಷ್ಟು ನೆಲ. ಒಡೆಯನನ್ನು ಬಿಟ್ಟುಹೋಗುವ ಸಂಗಾತಿಗೆ ನಿಯಮಗಳಿದ್ದವೆಂದರೆ ಬಿಟ್ಟುಹೋಗುವುದು ಅಲ್ಲಿ ಅಸಾಧ್ಯವೂ ಅಚಿಂತ್ಯವೂ ಆಗಿರಲಿಲ್ಲ. ಸಂಗಾತಿಯ ಪ್ರಾಣಕ್ಕೂ ಬೆಲೆ ಕಟ್ಟಿತ್ತು: 1200 ಷಿಲಿಂಗ್ ಪ್ರಾಣಬೆಲೆಯವನು ಕೊಲೆಯಾದರೆ ಅವನ ಬಂಧುಗಳ ಪಾಲಲ್ಲದೆ ಒಡೆಯನಿಗೇ 120 ಷಿಲಿಂಗ್ ಪರಿಹಾರ, 200ರವನಾದರೆ 30.

ಭೂಮಿ ತೀರಿಹೋದರೆ ಏನಾಗುತ್ತದೆ? ಬೀಡ್ 734ರಲ್ಲಿ ಯಾರ್ಕಿನ ಬಿಷಪ್ ಎಗ್‌ಬರ್ಟನಿಗೆ ಬರೆದ ಪತ್ರದಲ್ಲಿ ಇದಕ್ಕೆ ನೇರ ಉತ್ತರವಿದೆ. ಮಠಗಳೆಂಬ ಹುಸಿ ಹೆಸರಿನಲ್ಲಿ ಭೂಮಿಯೆಲ್ಲ ದಾನವಾಗಿಹೋದ ಕಾರಣ ಕುಲೀನರ ಮಕ್ಕಳಿಗೂ ಸೇವೆಯಲ್ಲಿ ಪಳಗಿದ ಯೋಧರಿಗೂ ಕೊಡಲು ನೆಲವೇ ಉಳಿದಿಲ್ಲವೆಂದೂ, ಅವರು ವಯಸ್ಸು ಮೀರಿದರೂ ಮದುವೆಯಿಲ್ಲದೆ, ತಾವು ಕಾಯಬೇಕಾಗಿದ್ದ ನಾಡನ್ನು ಬಿಟ್ಟು ಕಡಲಾಚೆಗೆ ಹೋಗುತ್ತಿದ್ದಾರೆಂದೂ ಅವನು ವ್ಯಥೆಪಡುತ್ತಾನೆ. ನಿಷ್ಠೆ ನಾಡುಬಿಟ್ಟು ಹೋಗುತ್ತಿದೆ. ಕಾರಣ ನೆಲದ ಅಭಾವ. ವೀರಯುಗದ ವಿವರಣೆಗಳಲ್ಲಿ ಈ ಪತ್ರಕ್ಕೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ.

ಒಂಬತ್ತನೆಯ ಶತಮಾನದ ಅಂತ್ಯದಲ್ಲಿ ಆಲ್ಫ್ರೆಡ್ ಅರಸ (ಆಳ್ವಿಕೆ 871-899) ಸಂತ ಅಗಸ್ಟೀನನ ಆತ್ಮಸಂವಾದದ ಅನುವಾದಕ್ಕೆ ಬರೆದ ಮುನ್ನುಡಿಯಲ್ಲಿಯೂ ಇದೇ ಆಶಯ ಬೇರೊಂದು ರೂಪದಲ್ಲಿ ಕಾಣುತ್ತದೆ. ಒಡೆಯನ ನೆಲದಲ್ಲಿ ಅವನ ನೆರವಿನಿಂದ ಗುಡಿಸಲು ಕಟ್ಟಿಕೊಂಡವನು, ಮುಂದೊಂದು ದಿನ ಒಡೆಯನ ಕೃಪೆಯಿಂದ ಪತ್ರಮುಖೇನ ಶಾಶ್ವತ ಹಿಡುವಳಿ ದೊರೆತೀತೆಂದು ಆಶಿಸುತ್ತಾನೆ. ಆಲ್ಫ್ರೆಡ್ ಇದನ್ನು ಪರಲೋಕದ ನಿತ್ಯನಿವಾಸಕ್ಕೆ ರೂಪಕವಾಗಿ ಬಳಸಿದ್ದಾನೆ. ಮೋಕ್ಷವನ್ನು ವಿವರಿಸಲು ಅರಸನೊಬ್ಬ ಭೂದಾನಪತ್ರವನ್ನು ಆರಿಸಿಕೊಂಡದ್ದರಿಂದಲೇ ಆ ಸಮಾಜದಲ್ಲಿ ಸಂಗಾತಿಯ ನಿರೀಕ್ಷೆ ಎಲ್ಲಿ ನೆಟ್ಟಿತ್ತೆಂಬುದು ತಿಳಿಯುತ್ತದೆ. ಆಲ್ಫ್ರೆಡನ ಚರಿತ್ರೆಯನ್ನು 893ರಲ್ಲಿ ಬರೆದ ಆಸರ್, ಅರಸನು ತನ್ನ ಪರಿವಾರವನ್ನು ಮೂರು ತಂಡಗಳಾಗಿ ವಿಂಗಡಿಸಿದ್ದನೆಂದೂ, ಒಂದೊಂದು ತಂಡ ಒಂದು ತಿಂಗಳು ಹಗಲಿರುಳು ಅರಮನೆಯಲ್ಲಿದ್ದು ಮುಂದಿನ ಎರಡು ತಿಂಗಳು ತಮ್ಮ ಮನೆಗಳಿಗೆ ತೆರಳುತ್ತಿತ್ತೆಂದೂ ತಿಳಿಸುತ್ತಾನೆ. ಒಡೆಯನನ್ನು ಕ್ಷಣವೂ ಅಗಲದ ಕಾವ್ಯದ ಸಂಗಾತಿಗೂ ಸರದಿಯ ಮೇಲೆ ಬಂದುಹೋಗುವ ಈ ಸಂಸಾರಸ್ಥ ಥೇನನಿಗೂ ಇರುವ ದೂರ ಗಮನಾರ್ಹ.

4

ಇನ್ನು ಕಥನಗಳು. ಬೀಡನ ಇತಿಹಾಸದಲ್ಲಿ ಅರಸನ ಸಂಗಾತಿಗಳು ಹಲವೆಡೆ ಬರುತ್ತಾರೆ. ಸಾಮಾನ್ಯವಾಗಿ ಉದಾಹರಿಸುವವನು ಲಿಲ್ಲ. 626ರಲ್ಲಿ ವೆಸೆಕ್ಸಿನ ಅರಸ ಕಳುಹಿಸಿದ ಹಂತಕನೊಬ್ಬ ವಿಷ ಲೇಪಿಸಿದ ಕಠಾರಿಯಿಂದ ನಾರ್ತಂಬ್ರಿಯದ ಎಡ್ವಿನ್ ಅರಸನ ಮೇಲೆರಗಿದಾಗ, ಕೈಯಲ್ಲಿ ಗುರಾಣಿಯಿಲ್ಲದ ಲಿಲ್ಲ ತನ್ನ ಮೈಯನ್ನೇ ಅಡ್ಡವೊಡ್ಡಿ ಪ್ರಾಣಬಿಟ್ಟನು. ಇದು ಉಜ್ವಲ ನಿದರ್ಶನವೇ ಸರಿ. ಆದರೆ ಲಿಲ್ಲನು ಬದುಕಿರುವ ಒಡೆಯನನ್ನು ಉಳಿಸಲು ಸತ್ತನು. ಸತ್ತ ಒಡೆಯನ ಹಿಂದೆ ಹೋಗಲಿಲ್ಲ. ಈ ಎರಡನ್ನೂ ಒಂದೇ ಶೀರ್ಷಿಕೆಯಡಿ ತರುವುದು ವಿಮರ್ಶೆಯ ಸಡಿಲತೆ.

651ರ ಪ್ರಸಂಗ ಇನ್ನಷ್ಟು ಸಂಕೀರ್ಣವಾದದ್ದು. ಡೇರಾದ ಅರಸ ಓಸ್ವಿನೆ ಎಷ್ಟು ಜನಪ್ರಿಯನೆಂದರೆ ಅವನ ಸೇವೆಗೆ ಹೆಚ್ಚುಕಡಿಮೆ ಎಲ್ಲ ನಾಡುಗಳಿಂದಲೂ ಕುಲೀನರು ಬರುತ್ತಿದ್ದರೆಂದು ಬೀಡ್ ಹೇಳುತ್ತಾನೆ. ಪ್ರಬಲನಾದ ಓಸ್ವಿಯುವಿನೆದುರು ಸೇನೆ ಸಾಲದೆಂದು ಕಂಡು ಓಸ್ವಿನೆ ತನ್ನ ದಂಡನ್ನು ಚದುರಿಸಿ, ತೊಂಡ್‌ಹೆರೆ ಎಂಬ ಒಬ್ಬನೇ ನಂಬುಗೆಯ ಯೋಧನೊಡನೆ ಹುನ್‌ವಾಲ್ಡ್ ಎಂಬ ಗೆಸಿತನ ಮನೆಯಲ್ಲಿ ಅಡಗಿದನು. ಹುನ್‌ವಾಲ್ಡನೇ ಅವನನ್ನು ಹಿಡಿದುಕೊಟ್ಟನು. ಅರಸನೂ ತೊಂಡ್‌ಹೆರೆಯೂ ಒಟ್ಟಿಗೆ ಕೊಲೆಯಾದರು. ಒಂದೇ ಸೂರಿನಡಿ ಒಬ್ಬ ಸಂಗಾತಿ ಜೊತೆಗೆ ಸಾಯುತ್ತಾನೆ, ಇನ್ನೊಬ್ಬ ಮಾರಿಕೊಳ್ಳುತ್ತಾನೆ. ಎಲ್ಲ ನಾಡುಗಳಿಂದ ಬಂದಿದ್ದ ಆ ಕುಲೀನರೆಲ್ಲ ಮನೆಗೆ ಹೋಗಿದ್ದರು, ಅದೂ ಅರಸನ ಅಪ್ಪಣೆಯಿಂದಲೇ. ತೊಂಡ್‌ಹೆರೆಯನ್ನು ಸಮಾಜದ ಪ್ರತಿನಿಧಿಯೆಂದರೆ ಹುನ್‌ವಾಲ್ಡನನ್ನು ಏನೆನ್ನಬೇಕು?

ಮೂರನೆಯ ಕಥೆ ಇಮ್ಮನದು. ನನ್ನ ವಾದಕ್ಕೆ ಅತ್ಯಂತ ಮುಖ್ಯವಾದದ್ದು. 679ರಲ್ಲಿ ಟ್ರೆಂಟ್ ನದಿಯ ಬಳಿ ನಾರ್ತಂಬ್ರಿಯ, ಮರ್ಸಿಯಗಳ ನಡುವೆ ನಡೆದ ಯುದ್ಧದಲ್ಲಿ ತರುಣ ಅರಸ ಎಲ್ಫ್‌ವಿನೆ ಮಡಿದನು. ಅವನ ಪರಿವಾರದ ಇಮ್ಮ ಒಂದು ಹಗಲು ಒಂದು ಇರುಳು ಹೆಣಗಳ ನಡುವೆ ಬಿದ್ದಿದ್ದು, ಎಚ್ಚೆತ್ತು ತನ್ನ ಗಾಯಗಳನ್ನು ತಾನೇ ಕಟ್ಟಿಕೊಂಡು, ತನ್ನವರನ್ನು ಹುಡುಕುತ್ತ ಹೊರಟಾಗ ಶತ್ರುಗಳ ಕೈಗೆ ಸಿಕ್ಕಿದನು. ಮರ್ಸಿಯದ ಅರಸನ ಗೆಸಿತನೊಬ್ಬನ ಮುಂದೆ ನಿಲ್ಲಿಸಿದಾಗ ತಾನು ಯೋಧನೆಂದು ಒಪ್ಪಲಿಲ್ಲ. ಮದುವೆಯಾದ ಬಡರೈತನೆಂದೂ, ದಂಡಿಗೆ ಆಹಾರ ಹೊತ್ತುತಂದವನೆಂದೂ ಹೇಳಿಕೊಂಡನು. ಆದರೆ ಮುಖಭಾವ, ಉಡುಗೆ, ಮಾತುಗಳಿಂದ ಅವನು ಕುಲೀನನೆಂಬುದು ಕಾವಲಿನವರಿಗೆ ಬಯಲಾಯಿತು. ಜೊತೆಗೆ ಒಂದು ಪವಾಡ: ಇಮ್ಮ ಸತ್ತನೆಂದು ನಂಬಿ ಅವನ ಅಣ್ಣತಮ್ಮಂದಿರಲ್ಲೊಬ್ಬನಾದ ಮಠಾಧಿಪತಿ ತುನ್ನ ಆತ್ಮಶಾಂತಿಗೆಂದು ಪೂಜೆ ಸಲ್ಲಿಸುತ್ತಿದ್ದ ಹೊತ್ತಿನಲ್ಲೆಲ್ಲ ಇಮ್ಮನ ಸಂಕೋಲೆ ತಾನಾಗಿ ಕಳಚಿ ಬೀಳುತ್ತಿತ್ತು. ಪ್ರಾಣಕ್ಕೆ ಅಭಯ ಪಡೆದು ಇಮ್ಮ ನಿಜ ನುಡಿದಾಗ ಗೆಸಿತ್ ಹೇಳಿದ್ದರ ತಾತ್ಪರ್ಯವಿಷ್ಟು: ಆ ಯುದ್ಧದಲ್ಲಿ ತನ್ನ ಸೋದರರೂ ಬಂಧುಗಳೂ ಸತ್ತಿರುವುದರಿಂದ ಇಮ್ಮ ಮರಣಕ್ಕೆ ಅರ್ಹ, ಆದರೂ ಕೊಟ್ಟ ಮಾತನ್ನು ಮುರಿಯಲಾರ. ಕೊನೆಗೆ ಲಂಡನ್ನಿನಲ್ಲಿ ಒಬ್ಬ ಫ್ರೀಸಿಯನಿಗೆ ಮಾರಾಟವಾದ ಇಮ್ಮ, ಬಿಡುಗಡೆಯ ಹಣ ಹೊಂದಿಸಿ ಊರಿಗೆ ಮರಳಿದನು.

ಒಡೆಯ ಬಿದ್ದ ಕಣದಿಂದ ಸಂಗಾತಿಯೊಬ್ಬ ಬದುಕಿ ಬಂದಿದ್ದಾನೆ. ಪ್ರಾಣಕ್ಕಾಗಿ ಕುಲವನ್ನು ಮರೆಮಾಚಿದ್ದಾನೆ. ಟ್ಯಾಸಿಟಸನ ನಿಯಮ ನಡೆಯುತ್ತಿದ್ದ ಸಮಾಜವಾದರೆ ಇವನಿಗೆ ಮುಖ ತೋರಿಸುವ ಸ್ಥಳವಿರುತ್ತಿರಲಿಲ್ಲ. ಬೀಡನಾದರೋ ನಿಂದೆಯ ಒಂದು ಪದವನ್ನೂ ಆಡುವುದಿಲ್ಲ. ಗೆಸಿತನ ಸಿಟ್ಟಿಗೆ ಕಾರಣವೂ ಇಮ್ಮ ಬದುಕುಳಿದದ್ದಲ್ಲ, ತನ್ನ ಬಂಧುಗಳ ಸಾವು. ಬೀಡ್ ಸನ್ಯಾಸಿಯಾದುದರಿಂದ ವೀರಧರ್ಮವನ್ನು ಮರೆಸಿದನೆಂದು ಆಕ್ಷೇಪಿಸಬಹುದು. ಆದರೆ ಲಿಲ್ಲ, ತೊಂಡ್‌ಹೆರೆಯರ ನಿಷ್ಠೆಯನ್ನು ಎತ್ತಿಹೇಳಿದವನೂ ಅವನೇ. ಎಲ್ಫ್‌ವಿನೆಯ ಸಾವಿಗಾಗಿ ಮತ್ತೆ ಪ್ರಾಣಗಳು ಹೋಗದೆ ಆರ್ಚ್‌ಬಿಷಪ್ ಥಿಯೋಡೋರನ ಮಧ್ಯಸ್ಥಿಕೆಯಲ್ಲಿ ಹಣದ ಪರಿಹಾರದಿಂದ ವೈರ ಶಮನವಾಯಿತೆಂಬುದನ್ನೂ ಅವನು ಮೆಚ್ಚಿಗೆಯಿಂದ ದಾಖಲಿಸಿದ್ದಾನೆ.

ಒಡೆಯನೊಡನೆ ಮಡಿಯುವ ಆದರ್ಶಕ್ಕೆ ಗದ್ಯದಲ್ಲಿ ದೊರೆಯುವ ಅತ್ಯಂತ ಬಲವಾದ ಸಾಕ್ಷ್ಯ 'ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್'ನ 755ನೆಯ ವರ್ಷದ ನಮೂದು. ಅಲ್ಲಿ ವೆಸೆಕ್ಸಿನ ಅರಸ ಕಿನೆವುಲ್ಫನನ್ನು, ಅವನು ಹೆಣ್ಣೊಬ್ಬಳ ಮನೆಯಲ್ಲಿದ್ದಾಗ, ರಾಜವಂಶದ ಕಿನೆಹೆರ್ಡ್ ಮುತ್ತಿ ಕೊಲ್ಲುತ್ತಾನೆ. ಘಟನೆ ನಡೆದದ್ದು ವಾಸ್ತವವಾಗಿ 786ರಲ್ಲಿ. ಕಿನೆಹೆರ್ಡ್ ನೀಡಿದ ಹಣವನ್ನೂ ಪ್ರಾಣಭಿಕ್ಷೆಯನ್ನೂ ಅರಸನ ಥೇನರು ನಿರಾಕರಿಸಿ ಕಾದಾಡಿ ಸಾಯುತ್ತಾರೆ. ಮರುದಿನ ಅರಸನ ಕಡೆಯ ಉಳಿದವರು ಬಂದಾಗ ಹಣ, ಭೂಮಿಗಳ ಆಮಿಷದೊಡನೆ, ಅವರ ಬಂಧುಗಳೇ ತನ್ನ ಜೊತೆಯಿದ್ದಾರೆಂದೂ ಕಿನೆಹೆರ್ಡ್ ನೆನಪಿಸುತ್ತಾನೆ. ಒಡೆಯನಿಗಿಂತ ಪ್ರಿಯನಾದ ಬಂಧುವಿಲ್ಲವೆಂಬುದು ಅವರ ಉತ್ತರದ ಸಾರ. ಕಿನೆಹೆರ್ಡನೂ ಅವನ 84 ಮಂದಿಯೂ ಹತರಾಗುತ್ತಾರೆ.

ಈ ನಮೂದನ್ನು ಓದುವಾಗ ಎರಡು ಅಂಶಗಳನ್ನು ನೆನಪಿಡಬೇಕು. ಕ್ರಾನಿಕಲ್ ಸಂಕಲಿತವಾದದ್ದು ಘಟನೆಯ ನೂರು ವರ್ಷಗಳ ಬಳಿಕ, ಆಲ್ಫ್ರೆಡನ ಕಾಲದಲ್ಲಿ. ಒಡೆಯನಿಗಾಗಿಯೂ ಬಂಧುವಿಗಾಗಿಯೂ ಹೋರಾಡಬಹುದು, ಆದರೆ ಬಂಧುವಿಗಾಗಿ ಒಡೆಯನ ವಿರುದ್ಧ ಹೋರಾಡತಕ್ಕದ್ದಲ್ಲ ಎಂದು ವಿಧಿಸಿದವನು ಆಲ್ಫ್ರೆಡನೇ. ಸ್ವಾಮಿದ್ರೋಹಕ್ಕೆ ಪರಿಹಾರವೇ ಇಲ್ಲವೆಂದು ಸಾರಿದವನೂ ಅವನೇ. ಕಾಯಿದೆ ಹೇಳುವುದನ್ನೇ ಈ ಕಥೆ ನಡೆದ ಸಂಗತಿಯಾಗಿ ಹೇಳುತ್ತದೆ. ಎರಡನೆಯದಾಗಿ, ಇಲ್ಲಿಯೂ ಬದುಕುಳಿದವರಿದ್ದಾರೆ. ಮೊದಲ ಕಾಳಗದಲ್ಲಿ ಬ್ರಿಟನ್ ಮೂಲದ ಒಬ್ಬ ಒತ್ತೆಯಾಳು, ಎರಡನೆಯದರಲ್ಲಿ ಮುಖಂಡನ ಧರ್ಮಪುತ್ರ. ಇಬ್ಬರೂ ತೀವ್ರವಾಗಿ ಗಾಯಗೊಂಡಿದ್ದರೆಂಬುದನ್ನು ಬರಹಗಾರ ಮರೆಯದೆ ಸೇರಿಸಿದ್ದಾನೆ. ಬದುಕಿದವನ ಪರವಾಗಿ ಗಾಯ ಸಾಕ್ಷಿ ನುಡಿಯಬೇಕಾಗಿದೆ. ಇಷ್ಟರಮಟ್ಟಿಗೆ ಬೀಡನ ಕಾಲದ ಧೋರಣೆ ಬಿಗಿಯಾಗಿರುವುದನ್ನು ಕಾಣಬಹುದು. ಎಂದರೆ ಆದರ್ಶ ಕಾಲಕ್ರಮದಲ್ಲಿ ಸವೆಯುತ್ತ ಬಂದದ್ದಲ್ಲ, ಕಟ್ಟಲ್ಪಡುತ್ತ ಬಂದದ್ದು.

5

ಕಾವ್ಯಕ್ಕೆ ಬಂದರೆ, 3182 ಸಾಲುಗಳ 'ಬಿಯೋವುಲ್ಫ್' ಈ ಸಂಬಂಧದ ಮಹಾಕಾವ್ಯವೆಂದು ಖ್ಯಾತವಾಗಿದೆ. ಅದರ ಕೊನೆಯ ಭಾಗದಲ್ಲಿ ಮುದಿ ಅರಸ ಬಿಯೋವುಲ್ಫ್ ಬೆಂಕಿಯುಗುಳುವ ಸರ್ಪದೊಡನೆ ಸೆಣಸುವಾಗ ಹತ್ತು ಮಂದಿ ಸಂಗಾತಿಗಳು ಕಾಡಿಗೆ ಓಡುತ್ತಾರೆ. ವಿಗ್ಲಾಫ್ ಒಬ್ಬನೇ ನೆರವಿಗೆ ಬರುತ್ತಾನೆ. ಓಡಿದವರನ್ನು ವಿಗ್ಲಾಫ್ ಖಂಡಿಸುವ ಮಾತುಗಳನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ಅವನು ನೆರವಿಗೆ ಹೊರಡುವ ಮೊದಲು ಅವನ ಮನಸ್ಸಿಗೆ ಬರುವುದೇನು? ಅರಸನು ತನಗೆ ಕೊಟ್ಟ ಸಮೃದ್ಧ ನೆಲೆ, ತಂದೆ ಅನುಭವಿಸುತ್ತಿದ್ದ ಭೂಹಕ್ಕು. ಓಡಿದವರಿಗೆ ಅವನು ನುಡಿಯುವ ಶಾಪವಾದರೂ ಏನು? ಅವರ ಕುಲದ ಪ್ರತಿಯೊಬ್ಬನೂ 'ಲೊಂಡ್‌ರಿಹ್ಟ್', ಎಂದರೆ ಭೂಹಕ್ಕು, ಕಳೆದುಕೊಂಡು ಅಲೆಯಬೇಕು. ಇದು ಇನೆಯ ಕಾಯಿದೆಯ ದಂಡನೆಯೇ. 'ಡಿಯೋರ್' ಎಂಬ ಕಿರುಗವಿತೆಯಲ್ಲಿ ಆಸ್ಥಾನಕವಿ ತನ್ನ ಸ್ಥಾನ ಇನ್ನೊಬ್ಬನ ಪಾಲಾದುದನ್ನು ಹೇಳಿಕೊಳ್ಳುವಾಗ ಬಳಸುವುದೂ ಇದೇ ಪದವನ್ನು: ಒಡೆಯ ತನಗಿತ್ತಿದ್ದ ಭೂಹಕ್ಕು ಈಗ ಹೊಸ ಕವಿಯದು. ಯೋಧನಿಗೂ ಕವಿಗೂ ಅರಸನ ಪ್ರೀತಿ ಕೊನೆಗೆ ಅಳೆಯಲ್ಪಡುವುದು ನೆಲದಲ್ಲಿ.

ಇನ್ನೊಂದು ಸೂಕ್ಷ್ಮವನ್ನು ವಿಮರ್ಶಕರು ಅನೇಕ ಸಲ ದಾಟಿಹೋಗುತ್ತಾರೆ. ಸರ್ಪದೆದುರು ಹೋಗುವ ಮುನ್ನ ಬಿಯೋವುಲ್ಫನೇ ಸಂಗಾತಿಗಳಿಗೆ ಗುಡ್ಡದ ಮೇಲೆ ಕಾದಿರಲು ಆಜ್ಞಾಪಿಸುತ್ತಾನೆ. ಈ ಕಾರ್ಯ ತನ್ನೊಬ್ಬನದೇ ಎನ್ನುತ್ತಾನೆ. ಹಾಗಾದರೆ ಅವರ ಅಪರಾಧವೇನು? ಆಜ್ಞೆಯನ್ನು ಮೀರದಿದ್ದುದೇ? ವಿಗ್ಲಾಫನ ನಿಷ್ಠೆ ಒಡೆಯನ ಮಾತನ್ನು ಮೀರಿದ ನಿಷ್ಠೆ. ಕೀರ್ತಿಗಾಗಿ ಒಂಟಿಯಾಗಿ ಮುನ್ನುಗ್ಗುವ ಒಡೆಯನೂ, ಕಾಯುತ್ತ ನಿಂತು ಹೆದರುವ ಆಳುಗಳೂ ಸೇರಿ ಒಂದು ನಾಡನ್ನು ಅನಾಥವಾಗಿಸುವುದನ್ನು ಕವಿ ತೋರಿಸುತ್ತಿದ್ದಾನೆ. ಇದು ಆದರ್ಶದ ಕೈಪಿಡಿಯಲ್ಲ, ಆದರ್ಶದ ಪರೀಕ್ಷೆ.

'ಮಾಲ್ಡನ್ ಕಾಳಗ'ದ 325 ಸಾಲುಗಳು ಉಳಿದಿವೆ, ಆದಿ ಅಂತ್ಯಗಳಿಲ್ಲ. ಮೂಲ ಹಸ್ತಪ್ರತಿ 1731ರ ಕಾಟನ್ ಗ್ರಂಥಾಲಯದ ಬೆಂಕಿಯಲ್ಲಿ ನಾಶವಾಗಿ, ಅದಕ್ಕೆ ಮೊದಲು ಮಾಡಿದ್ದ ಪ್ರತಿಯಿಂದ ಪಠ್ಯ ನಮಗೆ ದೊರೆತಿದೆ. ಕವಿತೆಯ ನಾಯಕ ಬಿರ್ತ್‌ನೋತ್ ಅರಸನಲ್ಲ, ಎಥೆಲ್‌ರೆಡ್ ಅರಸನ ಪ್ರಾಂತಾಧಿಕಾರಿ. ಕವಿ ಅವನನ್ನು ಎಥೆಲ್‌ರೆಡನ ಥೇನನೆಂದೇ ಕರೆಯುತ್ತಾನೆ. ಅವನು ಬಿದ್ದೊಡನೆ ಗೋಡ್ರಿಕ್ ಎಂಬವನು ಸೋದರರೊಡನೆ ಪಲಾಯನಮಾಡುತ್ತಾನೆ, ಅದೂ ಒಡೆಯನ ಕುದುರೆಯನ್ನೇ ಏರಿ. ಒಡೆಯನೇ ಹಿಮ್ಮೆಟ್ಟುತ್ತಿದ್ದಾನೆಂದು ಭ್ರಮಿಸಿ ಸೈನ್ಯ ಒಡೆಯುತ್ತದೆ. ಇದೇ ಗೋಡ್ರಿಕನಿಗೆ ಬಿರ್ತ್‌ನೋತ್ ಅನೇಕ ಸಲ ಕುದುರೆಗಳನ್ನು ದಾನಮಾಡಿದ್ದನೆಂದು ಕವಿ ನೆನಪಿಸುತ್ತಾನೆ.

ಕುದುರೆಯ ಈ ವಿವರ ಮುಖ್ಯವಾದದ್ದು. ಥೇನನು ಸತ್ತಾಗ ಅವನಿಗೆ ಒಡೆಯ ಕೊಟ್ಟಿದ್ದ ಯುದ್ಧಸಾಮಗ್ರಿ ಒಡೆಯನಿಗೆ ಮರಳಬೇಕೆಂಬ ಪದ್ಧತಿಯಿತ್ತು; ಅದರ ಹೆಸರು 'ಹೆರಿಯಟ್', ದಂಡಿನ ಸಾಮಗ್ರಿ ಎಂದು ಅರ್ಥ. ಕ್ನೂಟ್ ಅರಸ 1020ರ ಸುಮಾರಿಗೆ ಹೊರಡಿಸಿದ, ಯಾರ್ಕಿನ ಆರ್ಚ್‌ಬಿಷಪ್ ವುಲ್ಫ್‌ಸ್ಟನ್ ಬರೆದುಕೊಟ್ಟ ಕಾಯಿದೆಯಲ್ಲಿ ಅರಸನ ಸಮೀಪದ ಥೇನನ ಹೆರಿಯಟ್ ಇಂತಿದೆ: 4 ಕುದುರೆ, 2 ಕತ್ತಿ, 4 ಭರ್ಜಿ, 4 ಗುರಾಣಿ, ಶಿರಸ್ತ್ರಾಣ, ಕವಚ ಮತ್ತು 50 ಮಾಂಕಸ್ ಚಿನ್ನ. ಅದೇ ಕಾಯಿದೆಯಲ್ಲಿ ಮುಂದಿನ ಎರಡು ವಿಧಿಗಳಿವೆ. ದಂಡಯಾತ್ರೆಯಲ್ಲಿ ಒಡೆಯನನ್ನೋ ಸಂಗಡಿಗರನ್ನೋ ಬಿಟ್ಟು ಹೇಡಿತನದಿಂದ ಓಡಿದವನು ಪ್ರಾಣವನ್ನೂ ಸರ್ವಸ್ವವನ್ನೂ ಕಳೆದುಕೊಳ್ಳತಕ್ಕದ್ದು. ಒಡೆಯನ ಮುಂದೆ ಕಾದಿ ಬಿದ್ದವನ ಹೆರಿಯಟ್ ಮಾಫಿ. ಅವನ ಭೂಮಿಗೂ ಸ್ವತ್ತಿಗೂ ವಾರಸುದಾರರು ಹಕ್ಕುದಾರರು. ರಣದಲ್ಲಿ ಬಿದ್ದ ಸಂಗಾತಿಯ ದೇಹವೇ ಹೆರಿಯಟ್ ಆಯಿತೆಂಬಂತೆ ಋಣ ತೀರುತ್ತದೆ. ಈ ಬೆಳಕಿನಲ್ಲಿ ಗೋಡ್ರಿಕನ ಕೃತ್ಯ ಬರಿಯ ಹೇಡಿತನವಲ್ಲ. ಒಡೆಯನಿಗೆ ಮರಳಬೇಕಾದ ಕುದುರೆಯನ್ನು ಅವನ ಹೆಣದೆದುರೇ ಕದ್ದೊಯ್ದು ಲೆಕ್ಕವನ್ನು ತಲೆಕೆಳಗು ಮಾಡಿದ ಕೃತ್ಯ.

ಉಳಿದು ಕಾದವರ ಮಾತುಗಳನ್ನೂ ಹೀಗೆಯೇ ಗಮನಿಸಬೇಕು. ಎಲ್ಫ್‌ವಿನೆ ತನ್ನ ಕುಲವನ್ನು ಹೇಳಿ, ಬಿದ್ದವನು ತನಗೆ ಬಂಧುವೂ ಒಡೆಯನೂ ಹೌದೆನ್ನುತ್ತಾನೆ. ಲೆಯೋಫ್‌ಸುನು ಒಡೆಯನಿಲ್ಲದೆ ಮರಳಿದರೆ ಸ್ಟರ್ಮರ್ ಊರಿನವರು ಆಡಿಕೊಳ್ಳಬಾರದೆನ್ನುತ್ತಾನೆ. ಓಫ ಕೊಟ್ಟ ಮಾತನ್ನು ನಡೆಸುತ್ತಾನೆ. ನಾರ್ತಂಬ್ರಿಯದ ಒತ್ತೆಯಾಳು ಎಷ್‌ಫರ್ತ್ ಬಾಣ ಬಿಡುತ್ತಲೇ ಇರುತ್ತಾನೆ. ಡುನ್ನೆರೆ ಥೇನನೂ ಅಲ್ಲ, ಸಾಮಾನ್ಯ ಚೆಯೋರ್ಲ್. ಒಬ್ಬೊಬ್ಬರ ಕಾರಣ ಒಂದೊಂದು. ಎಲ್ಲರಿಗೂ ಸಹಜವಾಗಿದ್ದ ಧರ್ಮವಾಗಿದ್ದರೆ ಪ್ರತಿಯೊಬ್ಬನೂ ಹೀಗೆ ಕಾರಣ ಹೇಳಿ ತನ್ನನ್ನೂ ಇತರರನ್ನೂ ಒಪ್ಪಿಸಬೇಕಾಗಿರಲಿಲ್ಲ.

ಈ ಕವಿತೆಯನ್ನು ಕುರಿತ ಚರ್ಚೆಯಲ್ಲಿ ರೋಸ್ಮರಿ ವುಲ್ಫ್ 1976ರ ಲೇಖನದಲ್ಲಿ ಟ್ಯಾಸಿಟಸನಿಂದ ಮಾಲ್ಡನ್ನಿನವರೆಗೆ ಅಖಂಡ ಪರಂಪರೆಯಿತ್ತೆಂಬ ನಂಬಿಕೆಗೆ ಆಧಾರವಿಲ್ಲವೆಂದು ತೋರಿಸಿದ್ದು ನಿಜಕ್ಕೂ ದೊಡ್ಡ ಉಪಕಾರ. ರೊಬರ್ಟಾ ಫ್ರಾಂಕ್ 1991ರಲ್ಲಿ ಆ ಆದರ್ಶವನ್ನು ಹಳೆಯದರ ಉಳಿಕೆಯೆನ್ನದೆ ಬರಲಿದ್ದ ಕಾಲದ ಧೋರಣೆಯೊಡನೆ ಹೊಂದಿಸಿ ನೋಡಿದರು. ಇಬ್ಬರ ಪ್ರಶ್ನೆಯೂ ಈ ಆದರ್ಶ ಎಲ್ಲಿಂದ ಬಂತು ಎಂಬುದರ ಸುತ್ತ ಇದೆ. ಅದರೊಡನೆ ಕೇಳಬೇಕಾದ ಪ್ರಶ್ನೆ, ಅದು ಆಗ ಏಕೆ ಬೇಕಾಯಿತು ಎಂಬುದು. ಎಡ್ವರ್ಡ್ ಅರಸ 978ರಲ್ಲಿ ಕೊಲೆಯಾಗಿದ್ದನು. ಮಾಲ್ಡನ್ನಿನ ವರ್ಷವೇ ವೈಕಿಂಗರಿಗೆ 10,000 ಪೌಂಡ್ ಕಪ್ಪ ಸಂದಿತು. 1013ರಲ್ಲಿ ಎಥೆಲ್‌ರೆಡ್ ನಾಡುಬಿಟ್ಟು ಓಡಬೇಕಾಯಿತು. ವುಲ್ಫ್‌ಸ್ಟನ್ 1014ರ ಪ್ರವಚನದಲ್ಲಿ ನಾಡೆಲ್ಲ ಸ್ವಾಮಿದ್ರೋಹಿಗಳಿಂದ ತುಂಬಿದೆಯೆಂದು ಗೋಳಾಡಿದನು. ಒಡೆಯ-ಆಳುಗಳ ಲೆಕ್ಕ ಹರಿದುಹೋಗುತ್ತಿದ್ದ ಕಾಲದಲ್ಲಿ ಕಾಯಿದೆ ಬೆದರಿಕೆಯನ್ನೂ ವಿನಾಯಿತಿಯನ್ನೂ ನೀಡಿತು. ಕವಿತೆ ಮಾದರಿಯನ್ನು ನೀಡಿತು.

6

ಈಗ ಕನ್ನಡದ ಕಡೆಗೆ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' (1966) ಮುಂತಾದ ಕೃತಿಗಳಿಂದ ನಮ್ಮಲ್ಲಿನ ವೀರಜೀವನದ ವಿವರಗಳು ಸುಪರಿಚಿತವಾಗಿವೆ. ವೇಳೆವಾಳಿಯನ್ನು 'ಕೊಮಿಟಾಟಸ್' ಎಂದು ಅನುವಾದಿಸುವುದು ಎರಡು ಕಾರಣಗಳಿಂದ ಸಲ್ಲದು. ಮೊದಲನೆಯದಾಗಿ, ಹಳೇಬೀಡಿನ ಗರುಡಗಂಬ ಸಾರುವ ಕುವರಲಕ್ಷ್ಮನ ಮರಣ ರಣಮರಣವಲ್ಲ. ಇಮ್ಮಡಿ ಬಲ್ಲಾಳ ತೀರಿಕೊಂಡಾಗ, 1220ರ ಸುಮಾರಿನಲ್ಲಿ, ಕೈಗೊಂಡಿದ್ದ ವ್ರತಕ್ಕನುಸಾರವಾಗಿ ಅವನೂ ಮಡದಿ ಸುಗ್ಗಲದೇವಿಯೂ ಪ್ರಾಣಾರ್ಪಣೆಮಾಡಿದರು. ಅಲ್ಲಿ ಎದುರಾಳಿಯಿಲ್ಲ, ಸೇಡಿಲ್ಲ. ಆಂಗ್ಲೋ-ಸ್ಯಾಕ್ಸನ್ ಪಠ್ಯಗಳಲ್ಲಿ ಸಂಗಾತಿ ಸಾಯುವುದು ಯಾವಾಗಲೂ ಶತ್ರುವಿನ ಕೈಯಲ್ಲಿ, ಒಡೆಯನ ಸೇಡಿಗಾಗಿ. ವ್ರತರೂಪದ ಆತ್ಮಾರ್ಪಣೆ ಅಲ್ಲಿನ ಕ್ರೈಸ್ತ ಚೌಕಟ್ಟಿಗೆ ಹೊರಗಿನದು. ಎರಡನೆಯದಾಗಿ, ನಮ್ಮ ಸಾಕ್ಷ್ಯ ಹೆಚ್ಚಾಗಿ ಕಲ್ಲಿನದು: ಹೆಸರು, ಊರು, ಅನೇಕ ವೇಳೆ ಕಾಲ, ದತ್ತಿ ಎಲ್ಲವೂ ಇರುವಂಥದು. ಊರೂರಿನ ವೀರಗಲ್ಲುಗಳಂಥ ಪರಂಪರೆ ಅಲ್ಲಿಲ್ಲ. ಅಲ್ಲಿನ ಸಂಗಾತಿ ಉಳಿದಿರುವುದು ಒಂಟಿ ಹಸ್ತಪ್ರತಿಗಳಲ್ಲಿ.

ಹಾಗಾದರೆ ನಿಜವಾದ ಹೋಲಿಕೆ ಎಲ್ಲಿದೆ? ನನ್ನ ಅಭಿಪ್ರಾಯದಲ್ಲಿ ಕ್ನೂಟನ ಕಾಯಿದೆಗೂ ನಮ್ಮ ನೆತ್ತರುಗೊಡಗೆಗೂ ನಡುವೆ ಇದೆ. ಬಿದ್ದವನ ಮನೆಯವರಿಗೆ ಭೂಮಿ ಬಿಡುವ ಪದ್ಧತಿಯಲ್ಲಿ ಎರಡೂ ಸಮಾಜಗಳು ಒಂದೇ ಪ್ರಶ್ನೆಯನ್ನು ಎದುರಿಸಿವೆ: ಸತ್ತವನ ಋಣ ತೀರಿತು, ಉಳಿದವರ ಗತಿಯೇನು? ಆತಕೂರಿನ 949-50ರ ಶಾಸನದಲ್ಲಿ ಬೂತುಗನು ತನ್ನ ಆಳು ಮಣಲೇರನಿಗೆ ನೆಲವನ್ನು ಬಾಳ್ಗಚ್ಚಾಗಿ ಕೊಟ್ಟ ಪ್ರಸಂಗವನ್ನೂ, ಹಿಗೆಲಾಕನು ಬಿಯೋವುಲ್ಫನಿಗೆ ಕತ್ತಿಯೊಡನೆ 7000 ಹೈಡ್ ನೆಲವನ್ನೂ ಮನೆಯನ್ನೂ ಕೊಟ್ಟ ಪ್ರಸಂಗವನ್ನೂ ಜೊತೆಯಿಟ್ಟು ಓದಿದರೆ ಕತ್ತಿ ಮತ್ತು ನೆಲಗಳ ನಂಟು ಎರಡು ಕಡೆಯೂ ಹೇಗೆ ನುಡಿಗಟ್ಟಾಗಿದೆಯೆಂಬುದು ತಿಳಿದೀತು. ಇಂಥ ಹೋಲಿಕೆಗಳು ಆದರ್ಶವನ್ನು ಆದರ್ಶದ ಪಕ್ಕದಲ್ಲಿಡುವುದಿಲ್ಲ. ವ್ಯವಹಾರವನ್ನು ವ್ಯವಹಾರದ ಪಕ್ಕದಲ್ಲಿಡುತ್ತವೆ.

ಇದರಲ್ಲಿ ಪಾಂಡಿತ್ಯದ ನಿಖರತೆಯೊಂದೇ ಪ್ರಶ್ನೆಯಲ್ಲ. ಒಡೆಯನಿಗಾಗಿ ಸಾಯುವುದು ಒಂದು ಜನಾಂಗದ ರಕ್ತಗುಣವೆಂದು ಬರೆದಾಗ, ಸಾಯಿಸಿದ ವ್ಯವಸ್ಥೆ ಕಣ್ಮರೆಯಾಗುತ್ತದೆ. ಟ್ಯಾಸಿಟಸನ ಪುಟಗಳನ್ನು ಜನಾಂಗಸ್ತುತಿಗೆ ಬಳಸಿಕೊಂಡ ಇಪ್ಪತ್ತನೆಯ ಶತಮಾನದ ಜರ್ಮನಿಯ ಉದಾಹರಣೆ ನಮ್ಮೆದುರಿಗಿದೆ. ವೀರಗಲ್ಲನ್ನೂ ನಾವು ಅಭಿಮಾನದಿಂದ ಓದುವವರೇ. ಅಭಿಮಾನದ ಜೊತೆಗೆ, ಆ ಕಲ್ಲನ್ನು ಯಾರು ನಿಲ್ಲಿಸಿದರು, ಯಾವ ನೆಲ ಯಾರಿಗೆ ಹೋಯಿತು, ಬದುಕಿ ಬಂದವರ ಹೆಸರು ಎಲ್ಲಿದೆ ಎಂದು ಕೇಳುವ ಅಗತ್ಯವೂ ಇದೆ. ಬೀಡ್ ತನ್ನ ಇತಿಹಾಸದಲ್ಲಿ ಲಿಲ್ಲನಿಗಿತ್ತ ಗೌರವವನ್ನು ಕುಂದಿಸದೆಯೇ ಇಮ್ಮನ ಕಥೆಗೆ ಅದಕ್ಕಿಂತ ಹೆಚ್ಚು ಪುಟಗಳನ್ನು ಕೊಟ್ಟಿದ್ದಾನೆ. ಕನ್ನಡ ಶಾಸನಗಳಲ್ಲಿ ಹೀಗೆ ಉಳಿದುಬಂದ ಆಳುಗಳ ಜಾಡುಗಳನ್ನು, ವಿಶೇಷವಾಗಿ ಕೊಡಗೆಯ ಶಾಸನಗಳನ್ನು ಆಧರಿಸಿ, ವ್ಯವಸ್ಥಿತವಾಗಿ ಸಂಗ್ರಹಿಸುವ ಕೆಲಸ ಆಗಬೇಕಾಗಿದೆ. ಹೊರನಾಡಿನ ಸಂಶೋಧಕರಿಗೆ ತಮಿಳು, ತೆಲುಗು, ಮರಾಠಿ ಶಾಸನಗಳ ನೆರೆ ಸಹಜವಾಗಿಯೇ ಒದಗಿರುವುದರಿಂದ ಈ ಕೆಲಸ ಅವರಿಂದ ಆರಂಭವಾಗುವುದು ಉಚಿತ.